ಮುಚ್ಚಳದ ಸುತ್ತ ಹೊಗೆ ಬರುತ್ತಿದೆ, ಗ್ಯಾಸ್ಕೆಟ್ ಬದಲಿಸಲೇ?

ಪ್ರಶ್ನೆ: ನಾವು ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿದ್ದೇವೆ. ಊರು ಬಿಟ್ಟು ಹೊರಟಿದ್ದ ಪಕ್ಕದ ಮನೆಯವರಿಂದ ಲಾರ್ಜ್ ಸೈಜಿನ ಹಳೆಯ ಬಿಗ್ ಗ್ರೀನ್ ಎಗ್ (ಮೊಟ್ಟೆಯಾಕಾರದ, ಇದ್ದಿಲು ಉರಿಸುವ ಸೆರಾಮಿಕ್ ಒಲೆ) ಕೊಂಡೆವು. ವಾರಾಂತ್ಯಕ್ಕೆ ಪಿಜ್ಜಾ, ಕೋಳಿ, ಒಮ್ಮೊಮ್ಮೆ ಗೊಜ್ಜಿಗೆ ಬದನೆಕಾಯಿ ಸುಡುವುದು ಇದರಲ್ಲೇ. ಮುಚ್ಚಳದ ಅಂಚಿನ ಫೆಲ್ಟ್ ಗ್ಯಾಸ್ಕೆಟ್ ಮುಂಭಾಗದಲ್ಲಿ ಸುಟ್ಟು ಉದುರಿದೆ, ಹಿಂಭಾಗದಲ್ಲಿ ಚೆನ್ನಾಗಿಯೇ ಇದೆ. ಮುಂದಿನಿಂದ ಹೊಗೆ ಬರುತ್ತದೆ. ಕೂಡಲೇ ಬದಲಿಸಬೇಕಾ? ಯಾವ ಥರದ್ದು ಹಾಕಬೇಕು? ಹಳೆಯ ಅಂಟು ತೆಗೆಯುವುದು ಹೇಗೆ? ಅದಕ್ಕೆ ಮುಚ್ಚಳವನ್ನೇ ಕಳಚಬೇಕಾ?

ಉತ್ತರ: ಗ್ಯಾಸ್ಕೆಟ್ ಬದಲಿಸಲೇಬೇಕು. ಆದರೆ ಆರ್ಡರ್ ಮಾಡುವ ಮುಂಚೆ ಮುಚ್ಚಳ ನೆಟ್ಟಗೆ ಕೂತಿದೆಯಾ ನೋಡಿ. ನಿಮ್ಮ ಪತ್ರದಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಮುಂಭಾಗ ಮಾತ್ರ ಸುಟ್ಟಿದೆ ಎಂಬ ಮಾತು. ಬರೀ ವಯಸ್ಸಾಗಿ ಹೋದ ಗ್ಯಾಸ್ಕೆಟ್ ಸುತ್ತಲೂ ಹೆಚ್ಚು ಕಡಿಮೆ ಒಂದೇ ಥರ ಸವೆದು, ಗಟ್ಟಿಯಾಗಿ, ಅಲ್ಲಲ್ಲಿ ಕಿತ್ತು ಬರುತ್ತದೆ. ಒಂದೇ ಕಡೆ ಕರಕಲಾಗಿದ್ದರೆ ಆ ಜಾಗದಲ್ಲಿ ಸಂದು ಇದೆ ಎಂದು ಅನುಮಾನ ಪಡಬೇಕು. ಬಿಸಿ ಗಾಳಿ ಸಂದು ಸಿಕ್ಕ ಕಡೆ ನುಗ್ಗುತ್ತದೆ, ಅದರ ಹಿಂದೆಯೇ ಜ್ವಾಲೆಯ ನಾಲಿಗೆಯೂ ಬರುತ್ತದೆ. ಸಂದನ್ನು ಹಾಗೇ ಬಿಟ್ಟು ಹೊಸ ಪಟ್ಟಿ ಅಂಟಿಸಿದರೆ ಕೆಲವು ಪಿಜ್ಜಾ ಆಗುವಷ್ಟರಲ್ಲಿ ಅದೂ ಹೋಗುತ್ತದೆ. ಅಂಗಡಿಯವನಿಗೆ ಲಾಭ, ಅಷ್ಟೇ.

ಗ್ಯಾಸ್ಕೆಟ್ ಅಂದಕೂಡಲೇ ನಮಗೆ ಕುಕ್ಕರ್ ನೆನಪಾಗುತ್ತದೆ. ಇದು ಹಾಗಲ್ಲ. ಕುಕ್ಕರಿನ ರಬ್ಬರು ಒಳಗಿನ ಒತ್ತಡವನ್ನು ಹಿಡಿದಿಡಬೇಕು, ಇಲ್ಲಿ ಒತ್ತಡವೇ ಇಲ್ಲ. ಸೆರಾಮಿಕ್ಕನ್ನು ಭಟ್ಟಿಯಲ್ಲಿ ಸುಡುವಾಗ ಅದು ಕುಗ್ಗುತ್ತದೆ, ತುಸು ಸೊಟ್ಟಗೂ ಆಗುತ್ತದೆ. ಹಾಗಾಗಿ ಬುಡದ ಅಂಚು, ಮುಚ್ಚಳದ ಅಂಚು ಎರಡೂ ಪೂರ್ತಿ ಸಮ ಇರುವುದಿಲ್ಲ. ಆ ಸಣ್ಣ ಏರುಪೇರು ತುಂಬುವುದು ಗ್ಯಾಸ್ಕೆಟ್ಟಿನ ಒಂದು ಕೆಲಸ. ಭಾರದ ಮುಚ್ಚಳ ಬುಡಕ್ಕೆ ಬಡಿದು ಚಕ್ಕೆ ಏಳದಂತೆ ಮೆತ್ತೆಯಾಗಿರುವುದು ಇನ್ನೊಂದು. ಬೆರಳು ತೂರುವಂಥ ದೊಡ್ಡ ಸಂದು ಮುಚ್ಚುವುದು ಅದರ ಕೆಲಸವೇ ಅಲ್ಲ.

ಕೂಡಲೇ ಬದಲಿಸಬೇಕಾ ಅಂದರೆ, ಅದು ನೀವು ಏನು ಬೇಯಿಸುತ್ತೀರಿ ಎನ್ನುವುದರ ಮೇಲಿದೆ. ಪಿಜ್ಜಾ, ಕಬಾಬು, ಬದನೆಕಾಯಿ ಇವಕ್ಕೆಲ್ಲ ಜೋರು ಬೆಂಕಿ ಬೇಕು. ಆಗ ಕೆಳಗಿನ ಕಿಂಡಿ, ಮೇಲಿನ ಕಿಂಡಿ ಎರಡನ್ನೂ ಜಾಸ್ತಿಯೇ ತೆರೆದಿರುತ್ತೇವೆ. ಅಂಚಿನಲ್ಲಿ ಸ್ವಲ್ಪ ಹೊಗೆ ಹೋದರೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಗ್ಯಾಸ್ಕೆಟ್ಟೇ ಇಲ್ಲದೆ ವರ್ಷಗಟ್ಟಲೆ ಅಡುಗೆ ಮಾಡುವವರೂ ಇದ್ದಾರೆ. ಕಷ್ಟ ಶುರುವಾಗುವುದು 225 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 107 ಸೆಲ್ಸಿಯಸ್‌ನಲ್ಲಿ ರಾತ್ರಿಯಿಡೀ ಮಾಂಸ ಬೇಯಿಸಲು ಹೊರಟಾಗ. ಅಷ್ಟು ಸಣ್ಣ ಬೆಂಕಿಗೆ ಕಿಂಡಿಗಳನ್ನು ಕೂದಲೆಳೆಯಷ್ಟು ತೆರೆದಿರುತ್ತೇವೆ. ಅಂಚಿನ ಸಂದು ಆಗ ಇನ್ನೊಂದು ಚಿಮಣಿಯಾಗಿ ಗಾಳಿ ಎಳೆಯುತ್ತದೆ, ಬಿಸಿ ಏರುತ್ತಾ ಹೋಗುತ್ತದೆ.

ನಿಮ್ಮದು ಎಷ್ಟು ಸೋರುತ್ತಿದೆ ಎಂದು ತಿಳಿಯಲು ಸುಲಭದ ದಾರಿ ಇದೆ. ಅಡುಗೆ ಮುಗಿದ ಮೇಲೆ ಎರಡೂ ಕಿಂಡಿ ಪೂರ್ತಿ ಮುಚ್ಚಿ ಮಲಗಿ. ಬೆಳಿಗ್ಗೆ ನೋಡಿದಾಗ ಇದ್ದಿಲು ಉಳಿದಿದ್ದರೆ ಬೆಂಕಿ ಗಾಳಿಯಿಲ್ಲದೆ ಆರಿದೆ ಎಂದರ್ಥ. ಬರೀ ಬೂದಿ ಇದ್ದರೆ ಗಾಳಿ ಎಲ್ಲಿಂದಲೋ ನುಗ್ಗುತ್ತಿದೆ, ಪ್ರತಿ ವಾರವೂ ನಿಮ್ಮ ಇದ್ದಿಲು ಪುಕ್ಕಟೆ ಉರಿದು ಹೋಗುತ್ತಿದೆ. ಕೆಳಗಿನ ಕಿಂಡಿಯ ಬಾಗಿಲು ಬುಡಕ್ಕೆ ಅಂಟಿ ಕೂತಿದೆಯಾ ಅಂತಲೂ ನೋಡಿ. ಎಷ್ಟೋ ಸಲ ಗ್ಯಾಸ್ಕೆಟ್ಟಿನ ಮೇಲೆ ಬರುವ ದೂರು ಅಲ್ಲಿಯದಾಗಿರುತ್ತದೆ.

ಮುಚ್ಚಳದ ವಿಷಯಕ್ಕೆ ಬರುತ್ತೇನೆ. ಇಲ್ಲೇ ಸ್ವಲ್ಪ ಹೆಚ್ಚು ಹೊತ್ತು ಕೊಡಿ. ಒಲೆ ತಣ್ಣಗಿರುವಾಗ ಅಂಚಿನ ಮೇಲೆ ಒಂದು ಡಾಲರ್ ನೋಟನ್ನೋ ಕಾಗದದ ಪಟ್ಟಿಯನ್ನೋ ಅಡ್ಡ ಇಟ್ಟು ಮುಚ್ಚಳ ಹಾಕಿ, ಮೆಲ್ಲಗೆ ಎಳೆಯಿರಿ. ಎಳೆಯುವಾಗ ಕೈಗೆ ಹಿಡಿತ ಸಿಗಬೇಕು. ಹೀಗೆ ಸುತ್ತಲೂ ಮಾಡಿ. ಹಿಂದೆ, ಪಕ್ಕಗಳಲ್ಲಿ ಬಿಗಿಯಾಗಿದ್ದು ಮುಂದೆ ಸಲೀಸಾಗಿ ಬಂದರೆ ಅಲ್ಲಿ ಸಂದು ಇದೆ. ನಿಮ್ಮದರಲ್ಲಿ ಮುಂದೆ ಫೆಲ್ಟೇ ಇಲ್ಲವಲ್ಲ, ಹಾಗಾಗಿ ಈ ಪರೀಕ್ಷೆ ಅರ್ಧ ಮಾತ್ರ ಹೇಳುತ್ತದೆ. ಆದ್ದರಿಂದ ಹಳೆಯ ಗ್ಯಾಸ್ಕೆಟ್ ಪೂರ್ತಿ ಕೆರೆದು ತೆಗೆದ ಮೇಲೆ ಇನ್ನೊಂದು ಸಲ ನೋಡಿ. ಸಂಜೆ ಕತ್ತಲಾದ ಮೇಲೆ ಒಳಗೆ ಟಾರ್ಚ್ ಹಚ್ಚಿಟ್ಟು, ಮುಚ್ಚಳವನ್ನು ಬರೀ ಸೆರಾಮಿಕ್ ಮೇಲೆ ಮೆತ್ತಗೆ ಇಳಿಸಿ. ಅಲ್ಲಲ್ಲಿ ಸಣ್ಣ ಗೆರೆಯಂತೆ ಬೆಳಕು ಕಂಡರೆ ಚಿಂತೆಯಿಲ್ಲ, ಅದನ್ನು ಗ್ಯಾಸ್ಕೆಟ್ ನೋಡಿಕೊಳ್ಳುತ್ತದೆ. ಹಿಂದೆ ಕತ್ತಲು, ಮುಂದೆ ಅಗಲವಾದ ಬೆಳಕಿನ ಪಟ್ಟಿ ಕಂಡರೆ ಮುಚ್ಚಳ ಬ್ಯಾಂಡಿನೊಳಗೆ, ಅಂದರೆ ಅದನ್ನು ಸುತ್ತಿ ಹಿಡಿದಿರುವ ಲೋಹದ ಪಟ್ಟಿಯೊಳಗೆ, ವಾಲಿ ಕೂತಿದೆ. ಹೊರಗಿನಿಂದ ಅಂಚಿನ ಮೇಲೆ ಬೆರಳು ಆಡಿಸಿದರೂ ತಿಳಿಯುತ್ತದೆ. ಮೇಲಿನದು ಕೆಳಗಿನದಕ್ಕಿಂತ ಹಿಂದಕ್ಕೋ ಪಕ್ಕಕ್ಕೋ ಜರುಗಿದ್ದರೆ ಬೆರಳಿಗೆ ಮೆಟ್ಟಿಲು ಸಿಗುತ್ತದೆ.

ಸರಿಪಡಿಸುವುದು ಕಷ್ಟವಲ್ಲ, ಆದರೆ ಒಂದು ನಿಯಮ ಮೀರಬಾರದು. ಬ್ಯಾಂಡಿನ ನಟ್ಟು ಸಡಿಲಿಸುವಾಗ ಮುಚ್ಚಳ ಮುಚ್ಚಿಯೇ ಇರಬೇಕು. ತೆರೆದಿಟ್ಟು ಸಡಿಲಿಸಿದರೆ ಡೋಮ್, ಅಂದರೆ ಸೆರಾಮಿಕ್ ಮುಚ್ಚಳ, ಬ್ಯಾಂಡಿನಿಂದ ಜಾರಿ ನೆಲಕ್ಕೆ ಬೀಳುತ್ತದೆ. ಬಿದ್ದರೆ ಒಡೆದ ಹಾಗೇ. ಸೆರಾಮಿಕ್‌ಗೆ ಕಂಪನಿ ಕೊಡುವ ಜೀವಮಾನದ ವಾರಂಟಿ ಮೊದಲು ಕೊಂಡವರಿಗೆ ಮಾತ್ರ, ನಿಮ್ಮಂತೆ ಸೆಕೆಂಡ್ ಹ್ಯಾಂಡ್ ಕೊಂಡವರಿಗೆ ಇಲ್ಲ ಎನ್ನುವುದೂ ನೆನಪಿರಲಿ. ಮುಚ್ಚಿದ ಸ್ಥಿತಿಯಲ್ಲಿ ಮೇಲಿನ ಬ್ಯಾಂಡಿನ ನಟ್ಟುಗಳನ್ನು ಸ್ವಲ್ಪ ಸಡಿಲಿಸಿ. ಒಬ್ಬರು ಎರಡೂ ಕೈಯಲ್ಲಿ ಡೋಮನ್ನು ಹಿಡಿದು ಬುಡದ ಅಂಚಿಗೆ ಸರಿಹೊಂದುವಂತೆ ಜರುಗಿಸಲಿ. ಅದು ತನ್ನ ಭಾರಕ್ಕೆ ತಾನೇ ಸಮನಾಗಿ ಕೂರುತ್ತದೆ. ಆಮೇಲೆ ಇನ್ನೊಬ್ಬರು ನಟ್ಟುಗಳನ್ನು ಒಂದಾದ ಮೇಲೆ ಒಂದರಂತೆ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಲಿ. ಒಂದೇ ಕಡೆ ಪೂರ್ತಿ ತಿರುಗಿಸಿದರೆ ಡೋಮ್ ಮತ್ತೆ ಆ ಕಡೆಗೆ ವಾಲುತ್ತದೆ. ಮೊದಲ ಸಲ ತೆರೆಯುವಾಗ ಒಂದು ಕೈ ಡೋಮಿನ ಮೇಲೇ ಇರಲಿ. ಬ್ಯಾಂಡಿನೊಳಗೆ ಅಲುಗಾಡಿದರೆ ತಕ್ಷಣ ಇಳಿಸಿ, ಇನ್ನಷ್ಟು ಬಿಗಿ ಮಾಡಿ.

ಮುಚ್ಚಳ ಕಳಚಬೇಕಾ ಎಂದು ಕೇಳಿದ್ದೀರಿ. ಬೇಡವೇ ಬೇಡ. ಈ ಸೈಜಿನ ಒಲೆ ಒಟ್ಟು 70 ಕಿಲೋ ದಾಟುತ್ತದೆ, ಡೋಮ್ ಒಂದೇ ಎತ್ತುವುದೂ ಇಬ್ಬರ ಕೆಲಸ. ಅದಕ್ಕಿಂತ ದೊಡ್ಡ ಅಪಾಯ ಹಿಂಜಿನ ಸ್ಪ್ರಿಂಗು. ಡೋಮಿನ ಭಾರ ಹೊರಲೆಂದೇ ಅದನ್ನು ಬಿಗಿಯಾಗಿ ಎಳೆದು ಕೂರಿಸಿರುತ್ತಾರೆ. ಭಾರ ತೆಗೆದ ಕ್ಷಣ ಬ್ಯಾಂಡು ಫಟ್ಟನೆ ಮೇಲಕ್ಕೆ ಹಾರುತ್ತದೆ. ಅಲ್ಲಿ ಮುಖವೋ ಕೈಯೋ ಇದ್ದರೆ ಗತಿ ಊಹಿಸಿಕೊಳ್ಳಿ. ಮುಚ್ಚಳವನ್ನು ಪೂರ್ತಿ ತೆರೆದರೆ ಅದರ ಅಂಚು ನಿಮ್ಮ ಕಡೆಗೇ ಮುಖ ಮಾಡಿ ನಿಲ್ಲುತ್ತದೆ. ನಿಂತುಕೊಂಡೇ ಆರಾಮಾಗಿ ಕೆಲಸ ಮಾಡಬಹುದು.

ಹಳೆಯದನ್ನು ತೆಗೆಯುವುದೇ ಈ ಕೆಲಸದಲ್ಲಿ ಬೇಜಾರಿನ ಭಾಗ. ಕೊನೆಯ ಸಲ ಒಲೆ ಹಚ್ಚಿದ ಮೇಲೆ ಕಡೇಪಕ್ಷ ಒಂದು ದಿನ ಕಳೆದಿರಲಿ. ಒಳಗಿನ ಇದ್ದಿಲು, ಬೂದಿ ಎಲ್ಲ ತೆಗೆದುಬಿಡಿ. ಇದು ಬರೀ ಸ್ವಚ್ಛತೆಗೆ ಹೇಳುತ್ತಿಲ್ಲ. ಅಂಟು ಕರಗಿಸಲು ಅಸಿಟೋನ್ ಬಳಸುತ್ತೇವೆ. ಅದರ ಆವಿ ಗಾಳಿಗಿಂತ ಭಾರ, ಸೀದಾ ಕೆಳಗಿಳಿದು ಬುಡದಲ್ಲಿ ತುಂಬಿಕೊಳ್ಳುತ್ತದೆ. ಬೂದಿಯೊಳಗೆ ಒಂದೇ ಒಂದು ಕೆಂಡ ಬದುಕಿದ್ದರೂ ಭಗ್ ಎನ್ನುತ್ತದೆ. ಗ್ಯಾರೇಜಿನಲ್ಲಿ ಮಾಡಬೇಡಿ, ಹಿತ್ತಲಲ್ಲಿ ಗಾಳಿಯಾಡುವ ಕಡೆ ಮಾಡಿ. ಆಮೇಲೆ ಬುಡದೊಳಗೆ ಹಳೆಯ ಬೆಡ್‌ಶೀಟೋ ದಿನಪತ್ರಿಕೆಯೋ ಹಾಸಿ, ಕೆರೆದ ಚೂರುಗಳು ಒಳಗೆ ಉದುರದಿರಲಿ.

ಮೊದಲು ಒಣದಾಗಿಯೇ ಕೆರೆಯಿರಿ. ಪೇಂಟಿನವರು ಬಳಸುವ ಪುಟ್ಟಿ ಚಾಕು ಸಾಕು. ಅಲಗನ್ನು ಮಲಗಿಸಿ ತಳ್ಳಿ, ನೆಟ್ಟಗೆ ನಿಲ್ಲಿಸಿ ಚುಚ್ಚಬೇಡಿ. ಹೊರಗಿನ ಹಸಿರು ಗ್ಲೇಜಿಗೆ ತಾಗಿದರೆ ಗೀರು ಉಳಿಯುತ್ತದೆ. ಅಂಟು ಬಿಡದಿದ್ದರೆ ಹೀಟ್ ಗನ್ನಿನಿಂದ ಸ್ವಲ್ಪ ಸ್ವಲ್ಪ ಜಾಗವನ್ನೇ ಬಿಸಿ ಮಾಡಿ ಕೆರೆಯಿರಿ. ಬಿಸಿ ಮಾಡುವ ಕೆಲಸ ಪೂರ್ತಿ ಮುಗಿದು, ಒಲೆ ತಣ್ಣಗಾದ ಮೇಲೆಯೇ ಅಸಿಟೋನ್ ಡಬ್ಬಿ ತೆರೆಯಿರಿ. ಎರಡನ್ನೂ ಒಟ್ಟಿಗೆ ಬಳಸಬಾರದು ಎಂದು ಬೇರೆ ಹೇಳಬೇಕಿಲ್ಲ ಅಲ್ವಾ? ಅಸಿಟೋನನ್ನು ಅಂಚಿನ ಮೇಲೆ ಸುರಿಯಬೇಡಿ. ಬಟ್ಟೆಗೆ ಹಾಕಿ, ಅದನ್ನು ಅಂಟಿನ ಮೇಲೆ ಒಂದೆರಡು ನಿಮಿಷ ಒತ್ತಿ ಹಿಡಿದು, ಮೆತ್ತಗಾದ ಮೇಲೆ ಕೆರೆಯಿರಿ. ಸೆರಾಮಿಕ್ ಒದ್ದೆಯನ್ನು ಹೀರುತ್ತದೆ, ಸುರಿದರೆ ಕರಗಿದ ಅಂಟು ಇನ್ನೂ ಒಳಕ್ಕೆ ಇಳಿಯುತ್ತದೆ. ಇದೇ ಕಾರಣಕ್ಕೆ ನೀರಿನ ಪೈಪು ಹಿಡಿದು ತೊಳೆಯುವುದೂ ಬೇಡ. ನೀರು ಕುಡಿದ ಸೆರಾಮಿಕ್ ಮೇಲೆ ಜೋರು ಬೆಂಕಿ ಬಿದ್ದರೆ ಸೀಳಬಹುದು. ಬಟ್ಟೆಗಳನ್ನು ಮುದ್ದೆ ಮಾಡಿ ಕಸದ ಡಬ್ಬಿಗೆ ಎಸೆಯದೆ ಹೊರಗೆ ಹರಡಿ ಒಣಗಿಸಿ.

ಡ್ರಿಲ್ಲಿಗೆ ತಂತಿ ಬ್ರಷ್ ಹಾಕಿ ಉಜ್ಜುವವರಿದ್ದಾರೆ. ಬೇಗ ಆಗುತ್ತದೆ, ನಿಜ. ಆದರೆ ಅಂಚನ್ನೂ ತಿನ್ನುತ್ತದೆ, ಸಣ್ಣ ಪುಡಿಯನ್ನೂ ಎಬ್ಬಿಸುತ್ತದೆ. ಆ ಪುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ನಾನಂತೂ ಕೈಯಲ್ಲೇ ಕೆರೆಯುವ ಪಕ್ಷ. ಕಲೆ ಉಳಿದರೆ ಉಳಿಯಲಿ. ಉಗುರಿಗೆ ಉಬ್ಬು ಸಿಗಬಾರದು, ಮುಟ್ಟಿದರೆ ಜಿಡ್ಡು ಅಂಟಬಾರದು, ಅಷ್ಟಾದರೆ ಸಾಕು. ಹೊಸ ಅಂಟು ಹಿಡಿಯದಿರುವುದಕ್ಕೆ ಮುಖ್ಯ ಕಾರಣವೇ ಹಳೆಯ ಕೊಬ್ಬಿನ ಜಿಡ್ಡು. ಕೊನೆಯಲ್ಲಿ ಶುದ್ಧ ಬಟ್ಟೆಗೆ ಸ್ವಲ್ಪ ಅಸಿಟೋನ್ ಹಾಕಿ ಒಂದು ಸುತ್ತು ಒರೆಸಿ, ಪೂರ್ತಿ ಆರಲು ಬಿಡಿ.

ಯಾವುದನ್ನು ಹಾಕುವುದು? ಅಂಗಡಿಯಲ್ಲಿ ಮುಖ್ಯವಾಗಿ ಮೂರು ಬಗೆ ಸಿಗುತ್ತವೆ. ಉಣ್ಣೆಯ ಫೆಲ್ಟ್ ಅಗ್ಗ, ಮೆತ್ತಗೆ ಚೆನ್ನಾಗಿ ಕೂರುತ್ತದೆ, ಆದರೆ ಪಿಜ್ಜಾ ಬಿಸಿಗೆ ಕರಕಲಾಗುತ್ತದೆ. ಎರಡನೆಯದು ನೋಮೆಕ್ಸ್, ಅಗ್ನಿಶಾಮಕ ದಳದವರ ಉಡುಪಿಗೆ ಬಳಸುವ ನೂಲು. ಇದು ಕರಗುವುದಿಲ್ಲ, 700 ಫ್ಯಾರನ್‌ಹೀಟ್ ಆಸುಪಾಸಿನಲ್ಲಿ, ಅಂದರೆ ಸುಮಾರು 370 ಸೆಲ್ಸಿಯಸ್‌ನಲ್ಲಿ, ಕರಕಲಾಗತೊಡಗುತ್ತದೆ. ಮೂರನೆಯದು ಗಾಜಿನ ನೂಲಿನದು, ಕೆಲವದರಲ್ಲಿ ತಂತಿಯ ಹೆಣಿಗೆಯೂ ಇರುತ್ತದೆ. ಬಿಸಿ ತಡೆಯುವುದರಲ್ಲಿ ಇದೇ ಮುಂದು. ನೀವು ಪಿಜ್ಜಾ ಜಾಸ್ತಿ ಮಾಡುವುದರಿಂದ ನೋಮೆಕ್ಸ್ ಇಲ್ಲವೇ ಗಾಜಿನ ನೂಲಿನದು ತೆಗೆದುಕೊಳ್ಳಿ. ಗಾಜಿನ ನೂಲಿನದಾದರೆ ಕೈಗವಸು ಹಾಕಿಕೊಂಡೇ ಮುಟ್ಟಿ, ಚರ್ಮ ತುರಿಸುತ್ತದೆ. ಕತ್ತರಿಸಿದ ತುದಿಯಿಂದ ಎಳೆ ಬಿಚ್ಚಿ ಅಡುಗೆಯ ಮೇಲೆ ಉದುರದಂತೆ ತುದಿಗೆ ಅಂಟು ಸವರಿ. ಇದು ಅಗಲಕ್ಕಿಂತ ದಪ್ಪದಲ್ಲಿ ಹೆಚ್ಚು ತೊಂದರೆ ಕೊಡುತ್ತದೆ. ದಪ್ಪನೆಯ ಪಟ್ಟಿಯನ್ನು ಮೇಲೆ ಕೆಳಗೆ ಎರಡೂ ಕಡೆ ಹಾಕಿದರೆ ಹಿಂಜಿನ ಕಡೆ ಮೊದಲು ಒತ್ತಿ, ಮುಂದೆ ಬಾಯಿ ತೆರೆದುಕೊಳ್ಳುತ್ತದೆ. ಒಂದು ಅಂಚಿಗೆ ಮಾತ್ರವೋ ಎರಡಕ್ಕೂವೋ ಎಂದು ಕಿಟ್‌ನಲ್ಲಿ ಬರೆದಿರುತ್ತದೆ, ಅದನ್ನು ಓದಿ. ಯಾರಾದರೂ ಬೇಸ್‌ಮೆಂಟಿನಲ್ಲಿ ಬಿದ್ದಿದ್ದ ಹಳೆಯ ಸೌದೆ ಒಲೆಯ ಹಗ್ಗದಂಥ ಗ್ಯಾಸ್ಕೆಟ್ ಕೊಟ್ಟರೆ ಮಾತ್ರ ಬೇಡವೆನ್ನಿ. ಹಿಂದೆ ಅಂಥದ್ದರಲ್ಲಿ ಆಸ್ಬೆಸ್ಟಾಸ್ ಹಾಕುತ್ತಿದ್ದರು.

ಉದ್ದ ಎಷ್ಟು ಬೇಕೆಂದು ಅಳೆಯುವುದು ಸುಲಭ. ಅಂಚಿನ ನಡುಮಧ್ಯದಿಂದ ಎದುರು ಅಂಚಿನ ನಡುಮಧ್ಯಕ್ಕೆ ಟೇಪು ಹಿಡಿದು, ಬಂದದ್ದನ್ನು 3.14ರಿಂದ ಗುಣಿಸಿ. 50 ಸೆಂಟಿಮೀಟರ್ ಬಂದರೆ ಒಂದು ಸುತ್ತಿಗೆ 157, ಎರಡು ಅಂಚಿಗೆ 314 ಸೆಂಟಿಮೀಟರ್. ಮೂರೂವರೆ ಮೀಟರ್ ತಂದರೆ ನಿಶ್ಚಿಂತೆ.

ಅಂಟಿನ ಬಗ್ಗೆ ನೀವು ಕೇಳಿಲ್ಲ, ಆದರೆ ಗ್ಯಾಸ್ಕೆಟ್ ಉಳಿಯುವುದು ಬಿಡುವುದು ಅದರ ಮೇಲೇ ಇದೆ. ನೂಲು ಎಷ್ಟೇ ಬಿಸಿ ತಡೆದರೂ ಕೆಳಗಿನ ಅಂಟು ಮೆತ್ತಗಾದರೆ ಪಟ್ಟಿ ಜಾರುತ್ತದೆ. ಹಿಂಬದಿಯ ಕಾಗದ ಸುಲಿದು ಅಂಟಿಸುವ ಪಟ್ಟಿ ನಿಧಾನದ ಅಡುಗೆಗೆ ಸಾಕು, ಅಂಚು ಶುದ್ಧವಾಗಿದ್ದರೆ ಬಹಳ ಕಾಲ ಬರುತ್ತದೆ. ಸದಾ ಜೋರು ಬೆಂಕಿ ಹಾಕುವವರಿಗೆ ಬಿಸಿ ತಡೆಯುವ ಆರ್‌ಟಿವಿ ಸಿಲಿಕೋನ್ (ಮಾಮೂಲಿ ಹವೆಯಲ್ಲೇ ಗಟ್ಟಿಯಾಗುವ ಅಂಟು) ಒಳ್ಳೆಯದು. ಗಾಡಿ ಬಿಡಿಭಾಗದ ಅಂಗಡಿಗಳಲ್ಲಿ ತಾಮ್ರದ ಬಣ್ಣದ ಟ್ಯೂಬು ಸಿಗುತ್ತದೆ, ಆಗಾಗ 700 ಫ್ಯಾರನ್‌ಹೀಟ್ ಮುಟ್ಟಿದರೂ ತಡೆಯುವಂಥದ್ದು. ಎಷ್ಟರವರೆಗೆ ತಡೆಯುತ್ತದೆ ಎಂದು ಟ್ಯೂಬಿನ ಮೇಲೆ ಓದಿಯೇ ಕೊಳ್ಳಿ. ಅಡುಗೆಮನೆ, ಬಚ್ಚಲಿಗೆ ಬಳಸುವ ಮಾಮೂಲಿ ಸಿಲಿಕೋನ್ ನಡೆಯುವುದಿಲ್ಲ. ಸಿಲಿಕೋನ್ ಹಾಕುವುದಾದರೆ ಹಿಂದೆ ಅಂಟಿಲ್ಲದ ಪಟ್ಟಿ ಆರಿಸಿಕೊಳ್ಳಿ. ತೆಳ್ಳಗೆ ಸವರಿ, ಹಳೆಯ ಪ್ಲಾಸ್ಟಿಕ್ ಕಾರ್ಡಿನಿಂದ ಎಳೆದು ಸಮ ಮಾಡಿ. ಧಾರಾಳವಾಗಿ ಮೆತ್ತಿದರೆ ಅದು ನೂಲಿನೊಳಗೆ ಇಳಿದು ಗಟ್ಟಿಯಾಗುತ್ತದೆ, ಆಗ ಪಟ್ಟಿಗೆ ಮೆದುತನವೇ ಉಳಿಯುವುದಿಲ್ಲ. ಸ್ಪ್ರೇ ಅಂಟು ಬಳಸುವವರು ಮೊದಲು ಅಂಚಿನ ಒಳಬದಿ, ಹೊರಬದಿಗೆ ಪೇಂಟರ್ ಟೇಪು ಅಂಟಿಸಿಕೊಳ್ಳಿ, ಇಲ್ಲದಿದ್ದರೆ ಒಲೆಯೆಲ್ಲ ಅಂಟು.

ಪಟ್ಟಿ ಕೂರಿಸುವಾಗ ಹಿಂಜಿನ ಹತ್ತಿರದಿಂದ ಶುರು ಮಾಡಿ. ಜೋಡಣೆ ಹಿಂದೆಯೇ ಬರಲಿ, ಯಾಕೆಂದರೆ ಮುಚ್ಚಳ ಎತ್ತಿದಾಗ ಬೆಂಕಿ ಮೊದಲು ನೆಕ್ಕುವುದು ಮುಂಭಾಗವನ್ನು. ಪಟ್ಟಿಯನ್ನು ಎಳೆದು ಹಿಗ್ಗಿಸಬಾರದು. ವಾಸ್ತವವಾಗಿ ತುಂಬಾ ಜನ ಕೆಡಿಸುವುದು ಇಲ್ಲೇ. ನೀಟಾಗಿ ಬರಲಿ ಎಂದು ಎಳೆದು ಅಂಟಿಸುತ್ತಾರೆ. ಬಿಸಿ ತಾಗಿದ ಮೇಲೆ ಅದು ಕುಗ್ಗಿ ಜೋಡಣೆ ಬಾಯಿ ಬಿಡುತ್ತದೆ, ತಿರುವಿನಲ್ಲಿ ಒಳಕ್ಕೆ ಜಾರುತ್ತದೆ. ಸುಮ್ನೆ ಇಡುತ್ತಾ, ಒಂದು ಗೇಣಿನಷ್ಟು ಇಟ್ಟು ಒತ್ತುತ್ತಾ ಹೋಗಿ. ಪಟ್ಟಿ ಒಳಗಿನ ಅಂಚಿನಿಂದ ಒಳಕ್ಕೆ ಚಾಚಬಾರದು, ಚಾಚಿದ ಎಳೆಗಳೇ ಮೊದಲು ಸುಡುವುದು. ಸುತ್ತು ಮುಗಿಯುವಾಗ ಒಂದೆರಡು ಸೆಂಟಿಮೀಟರ್ ಹೆಚ್ಚಿಗೇ ಬಿಟ್ಟು, ಕೊನೆಯಲ್ಲಿ ಚೂಪಾದ ಕತ್ತರಿಯಿಂದ ನೆಟ್ಟಗೆ ಕತ್ತರಿಸಿ. ತುದಿಗೆ ತುದಿ ತಾಗಬೇಕು, ಒಂದರ ಮೇಲೊಂದು ಏರಬಾರದು. ಮೇಲಿನ ಜೋಡಣೆ, ಕೆಳಗಿನ ಜೋಡಣೆ ಒಂದೇ ಜಾಗದಲ್ಲಿ ಬೇಡ, ನಾಲ್ಕು ಬೆರಳಷ್ಟು ಆಚೀಚೆ ಇರಲಿ.

ಎರಡೂ ಕಡೆ ಆದ ಮೇಲೆ ನಡುವೆ ಬೇಕಿಂಗ್ ಕಾಗದ ಹಾಕಿ ಮುಚ್ಚಳ ಇಳಿಸಿ. ಹೊರಗೆ ಇಣುಕಿದ ಅಂಟು ಮೇಲಿನ ಪಟ್ಟಿಯನ್ನೂ ಕೆಳಗಿನದನ್ನೂ ಒಂದು ಮಾಡಿಬಿಟ್ಟರೆ ಮಾಡಿದ್ದೆಲ್ಲ ವ್ಯರ್ಥ. ಒಂದು ದಿನ ಪೂರ್ತಿ ಹಾಗೇ ಬಿಡಿ. ಮಾರನೆ ದಿನ ಕಾಗದ ತೆಗೆದು ಡಾಲರ್ ನೋಟಿನ ಪರೀಕ್ಷೆ ಮತ್ತೆ ಮಾಡಿ. ಹೊಸ ಪಟ್ಟಿಯ ದಪ್ಪದಿಂದ ಮುಚ್ಚಳ ಸ್ವಲ್ಪ ಎತ್ತರಕ್ಕೆ ಬಂದಿರುತ್ತದೆ. ಬೇಕಿದ್ದರೆ ಬ್ಯಾಂಡನ್ನು ಇನ್ನೊಮ್ಮೆ ಸರಿಮಾಡಿ, ಮುಚ್ಚಳ ಮುಚ್ಚಿಯೇ.

ಮೊದಲ ಕೆಲವು ಅಡುಗೆಗಳಲ್ಲಿ 350 ಫ್ಯಾರನ್‌ಹೀಟ್, ಸುಮಾರು 175 ಸೆಲ್ಸಿಯಸ್ ದಾಟಿಸಬೇಡಿ. ಕೋಳಿ ಮಾಡಿ, ಪಿಜ್ಜಾ ಆಮೇಲೆ. ಮೊದಲ ಬೆಂಕಿಯಲ್ಲಿ ಅಂಟಿನ ವಾಸನೆ ಬರಬಹುದು. ಹಾಗಾಗಿ ಮೊದಲ ಸಲ ಏನೂ ಇಡದೆ ಒಂದು ಗಂಟೆ ಖಾಲಿ ಉರಿಸುವುದು ಒಳ್ಳೆಯದು. ಕೆಲವು ಸಲ ಬಿಸಿಯಾಗಿ ತಣ್ಣಗಾದ ಮೇಲೆ ಬ್ಯಾಂಡಿನ ನಟ್ಟುಗಳು ಸಡಿಲವಾಗಿವೆಯಾ ಎಂದು ನೋಡಿ ಬಿಗಿ ಮಾಡಿ.

ಇನ್ನು ಪಿಜ್ಜಾ ಮಾಡುವಾಗ ಮುಚ್ಚಳ ತೆರೆಯುವ ರೀತಿ. ಒಳಗೆ ಬೆಂಕಿ ಜೋರಾಗಿದ್ದು ಗಾಳಿ ಕಡಿಮೆಯಿದ್ದಾಗ ಮುಚ್ಚಳವನ್ನು ಒಮ್ಮೆಲೇ ಎತ್ತಿದರೆ ಹೊಸ ಗಾಳಿ ನುಗ್ಗಿ ಜ್ವಾಲೆ ಹೊರಕ್ಕೆ ಚಿಮ್ಮುತ್ತದೆ. ತೋಳಿನ ಕೂದಲು ಹೋಗುವುದು ಹಾಗೇ, ಮುಂಭಾಗದ ಗ್ಯಾಸ್ಕೆಟ್ ಹೋಗುವುದೂ ಹಾಗೇ. ಒಂದೆರಡು ಇಂಚು ಎತ್ತಿ, ಕೆಲವು ಸೆಕೆಂಡು ನಿಲ್ಲಿಸಿ, ಒಳಗೆ ಗಾಳಿ ಹೋಗಲು ಬಿಟ್ಟು ಆಮೇಲೆ ಪೂರ್ತಿ ತೆರೆಯಿರಿ. ನಿಮ್ಮ ಒಲೆಯ ಹಳೆಯ ಮಾಲೀಕರಿಗೆ ಈ ಅಭ್ಯಾಸ ಇತ್ತೋ ಇಲ್ಲವೋ, ಮನೆಯಲ್ಲಿ ಬೇರೆಯವರೂ ಒಲೆ ಬಳಸುವುದಾದರೆ ಅವರಿಗೂ ಹೇಳಿಕೊಡಿ.

ಕೊಬ್ಬಿನ ಅಡುಗೆ ಆದ ಮೇಲೆ ಹೊಸ ಗ್ಯಾಸ್ಕೆಟ್ ಒಂದಕ್ಕೊಂದು ಅಂಟಿ ಮುಚ್ಚಳ ಬರದೇ ಹೋಗುವುದುಂಟು. ಚಳಿಗಾಲದಲ್ಲಿ ಫೆಲ್ಟಿನ ತೇವ ಹೆಪ್ಪುಗಟ್ಟಿದರೂ ಹೀಗಾಗುತ್ತದೆ. ಆಗ ಹಿಡಿಕೆ ಹಿಡಿದು ಜಗ್ಗಬೇಡಿ, ಕಿತ್ತು ಬರುವುದು ಹೊಸ ಪಟ್ಟಿಯೇ. ಹೆಪ್ಪುಗಟ್ಟಿದ್ದರೆ ಬಿಸಿಲು ಬರುವ ತನಕ ಕಾಯಿರಿ, ಇಲ್ಲವೇ ಹೇರ್ ಡ್ರೈಯರ್ ಹಿಡಿಯಿರಿ. ಕೊಬ್ಬಿಗೆ ಅಂಟಿದ್ದರೆ ತೆಳ್ಳಗಿನ ಪ್ಲಾಸ್ಟಿಕ್ ಪುಟ್ಟಿ ಚಾಕುವನ್ನು ಮುಂದಿನಿಂದ ತೂರಿಸಿ ಎರಡೂ ಪಕ್ಕಕ್ಕೆ ಮೆಲ್ಲಗೆ ಆಡಿಸುತ್ತಾ ಬಿಡಿಸಿ. ಅಡುಗೆಯಾದ ಮಾರನೆ ದಿನ ತಣ್ಣಗಿರುವಾಗ ಪಟ್ಟಿಯನ್ನು ಒಣ ಬಟ್ಟೆಯಲ್ಲಿ ಒರೆಸಿಟ್ಟರೆ ಈ ಕಾಟ ಬಹಳ ಮಟ್ಟಿಗೆ ತಪ್ಪುತ್ತದೆ. ತಂತಿ ಬ್ರಷ್ ಹಾಕಿ ಉಜ್ಜಬೇಡಿ.